ಕಡಲೊಳಗಿನ ಬದುಕು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ನಮ್ಮಲ್ಲಿ ಬೈಗೆ ಒಂದು ವರ್ಷ ರಾಶಿ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ಹುಡುಕಿದರೂ ಸಿಗುವುದಿಲ್ಲ. ಅದೇ ಮೀನು ಜೂನ್‌ನಲ್ಲಿ ಒಣಕಲು, ದೀಪಾವಳಿ ಹೊತ್ತಿಗೆ ಬಾಣಲೆಗೆ ಎಣ್ಣೆಯೇ ಬೇಡ ಎನ್ನುವಷ್ಟು ಕೊಬ್ಬು. ಕಾರಣ ಏನು?
(ಕುಂದಾಪುರದ ಓದುಗರು)

ಉತ್ತರ: ನಿಮ್ಮ ಬೈಗೆ, ಮಂಗಳೂರು ಕಡೆಯ ಬೂತಾಯಿ, ಕಾರವಾರದ ತಾರ್ಲೆ ಎಲ್ಲವೂ ಒಂದೇ ಮೀನು (ಇಂಗ್ಲಿಷ್‌ನಲ್ಲಿ ಸಾರ್ಡೀನ್). ಅದರ ಇಡೀ ಬದುಕು ಮಳೆಗಾಲದ ಗಾಳಿಗೆ ಕಟ್ಟಿಬಿದ್ದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತೀರದ ಗುಂಟ ಉತ್ತರದಿಂದ ದಕ್ಷಿಣಕ್ಕೆ ಸಾಗುವ ಗಾಳಿ, ಭೂಮಿ ತಿರುಗುವುದರಿಂದಾಗಿ, ಮೇಲ್ಪದರದ ನೀರನ್ನು ದಡದಿಂದ ಆಚೆಗೆ ದೂಡುತ್ತದೆ. ತೆರವಾದ ಜಾಗಕ್ಕೆ ಆಳದ ನೀರು ಏರಿ ಬರುತ್ತದೆ. ಇದು ಕನ್ಯಾಕುಮಾರಿ ಕಡೆ ಮೊದಲು ಶುರುವಾಗಿ ಕೇರಳ ದಾಟಿ ಮೆಲ್ಲಗೆ ನಮ್ಮ ಕಡೆಗೆ ಬರುತ್ತದೆ. ಏರಿದ ನೀರು ಮೇಲಿನದಕ್ಕಿಂತ ನಾಲ್ಕೈದು ಡಿಗ್ರಿ ತಂಪು. ವರ್ಷವಿಡೀ ತಳದಲ್ಲಿ ಕೊಳೆತು ಸೇರಿದ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಅದರಲ್ಲಿ ಧಾರಾಳ. ಅದಕ್ಕೆ ಬಿಸಿಲು ತಗುಲಿತೆಂದರೆ ಡಯಾಟಂ ಎಂಬ ಒಂದೇ ಕೋಶದ ಪಾಚಿಗಳು ಕೆಲವೇ ದಿನಗಳಲ್ಲಿ ಕಡಲ ಬಣ್ಣವೇ ಬದಲಾಗುವಷ್ಟು ಹೆಚ್ಚುತ್ತವೆ. ಬೂತಾಯಿಯ ಕಿವಿರಿನ ಒಳಬದಿಯಲ್ಲಿ ಒತ್ತೊತ್ತಾಗಿ ಸೂಕ್ಷ್ಮ ಕಡ್ಡಿಗಳಿರುತ್ತವೆ. ಬಾಯಿ ತೆರೆದು ಈಜುತ್ತಾ ಅದು ಈ ಪಾಚಿಯನ್ನು ಸೋಸಿ ನುಂಗುತ್ತದೆ.

ಮೀನು ಮೊಟ್ಟೆ ಇಡುವುದೂ ಮಳೆಗಾಲದಲ್ಲೇ, ಹೆಚ್ಚಾಗಿ ಜೂನ್‌ನಿಂದ ಆಗಸ್ಟ್ ಒಳಗೆ. ಮೊಟ್ಟೆ ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ. ಮರಿಯ ಹೊಟ್ಟೆಯಲ್ಲಿರುವ ಬಂಡಾರ (ಮೊಟ್ಟೆಯಿಂದ ಬಂದ ಹಳದಿ ಆಹಾರ) ಎರಡು ಮೂರು ದಿನಕ್ಕೆ ಮುಗಿದುಹೋಗುತ್ತದೆ. ಅಷ್ಟರಲ್ಲಿ ಸುತ್ತ ಆಹಾರ ಎದ್ದಿರಬೇಕು. ಗಾಳಿ ತಡವಾದರೆ, ಬಲ ಸಾಲದಿದ್ದರೆ, ಅಥವಾ ಬಲ ಹೆಚ್ಚಾಗಿ ಮರಿಗಳನ್ನು ಆಚೆ ಕಡಲಿಗೆ ಎಳೆದೊಯ್ದರೆ ಆ ವರ್ಷದ ಪೀಳಿಗೆಯೇ ತೆಳುವಾಗುತ್ತದೆ. ಬೂತಾಯಿಯ ಆಯಸ್ಸು ಎರಡೂವರೆ ವರ್ಷದ ಆಸುಪಾಸು. ಹೀಗಾಗಿ ಹಳೆಯ ಪೀಳಿಗೆಗಳ ದಾಸ್ತಾನು ಇರುವುದಿಲ್ಲ, ಒಂದು ವರ್ಷದ ಪೆಟ್ಟು ಮರುವರ್ಷವೇ ಬಲೆಯಲ್ಲಿ ಕಾಣುತ್ತದೆ. ಎರಡು ವರ್ಷ ಒಟ್ಟಿಗೆ ಕೆಟ್ಟರೆ ಮೀನು ಮಾಯವಾದಂತೆಯೇ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್.

ಇನ್ನೊಂದು ಸಂಗತಿ ಇದೆ. ತಳದಿಂದ ಏರುವ ನೀರಿನಲ್ಲಿ ಗೊಬ್ಬರ ಹೆಚ್ಚು, ಆದರೆ ಆಮ್ಲಜನಕ ಕಡಿಮೆ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಅದು ತೀರದ ಹತ್ತಿರದ ತಳವನ್ನೂ ಆವರಿಸಿದಾಗ ಮೀನಿಗೆ ಉಸಿರಾಡಲು ಉಳಿಯುವುದು ಮೇಲಿನ ತೆಳು ಪದರ ಮಾತ್ರ. ಹಿಂಡು ಅಲ್ಲಿ ಒತ್ತಾಗಿ ಸೇರುತ್ತದೆ, ಬಲೆಗೆ ಸುಲಭವಾಗಿ ಸಿಗುತ್ತದೆ. ಒಂದೆರಡು ದಿನ ದೋಣಿ ತುಂಬಿತೆಂದ ಮಾತ್ರಕ್ಕೆ ಕಡಲಲ್ಲಿ ಮೀನು ಹೆಚ್ಚಿದೆ ಎಂದು ನಂಬಬೇಡಿ.

ಕೊಬ್ಬಿನ ವಿಷಯ ಸರಳ. ಮೊಟ್ಟೆ, ಹಾಲು (ಗಂಡಿನ ವೀರ್ಯ) ಕಟ್ಟುವಾಗ ಮೀನು ತನ್ನ ಕೊಬ್ಬನ್ನೆಲ್ಲ ಅದಕ್ಕೆ ಸುರಿಯುತ್ತದೆ. ಮೊಟ್ಟೆ ಇಟ್ಟು ಬರಿದಾದ ಮೀನಿನಲ್ಲಿ ಶೇ. 3–4ರಷ್ಟು ಕೊಬ್ಬು ಉಳಿದರೆ ಹೆಚ್ಚು. ಆಮೇಲೆ ಎರಡು ಮೂರು ತಿಂಗಳು ಪಾಚಿ ಮೇದು ನವೆಂಬರ್ ಹೊತ್ತಿಗೆ ಶೇ. 15 ದಾಟುವುದುಂಟು. ಕೊಳ್ಳುವಾಗ ಹೊಟ್ಟೆಯ ಅಂಚನ್ನು ಬೆರಳಲ್ಲಿ ಒತ್ತಿ ನೋಡಿ: ದಪ್ಪಗೆ, ಬಿಗಿಯಾಗಿ ಇದ್ದರೆ ಕೊಬ್ಬು ತುಂಬಿದೆ.

ಬೂತಾಯಿ ಮೊದಲ ಬಾರಿ ಮೊಟ್ಟೆ ಇಡುವುದು 14–15 ಸೆಂಟಿಮೀಟರ್ ಆದ ಮೇಲೆ. ಅದಕ್ಕಿಂತ ಎಳೆಯದನ್ನು ಮೀನುಹುಡಿ ಕಾರ್ಖಾನೆಗೆ ಲಾರಿಗಟ್ಟಲೆ ಸಾಗಿಸುವುದು ಬರುವ ವರ್ಷದ ಊಟವನ್ನು ಈಗಲೇ ಗೊಬ್ಬರ ಮಾಡುವ ಕೆಲಸ. 10 ಸೆಂಟಿಮೀಟರ್‌ಗಿಂತ ಚಿಕ್ಕದನ್ನು ಹಿಡಿಯಬಾರದೆಂದು ಕೇರಳ ನಿಯಮ ಮಾಡಿದೆ. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳನ್ನು ನಿಲ್ಲಿಸುವುದಕ್ಕೂ ಹಿನ್ನೆಲೆ ಇದೇ ಸಂತಾನ ಕಾಲ. ಗಾಳಿ ನಮ್ಮ ಕೈಯಲ್ಲಿಲ್ಲ, ಬಲೆಯ ಕಣ್ಣು ನಮ್ಮ ಕೈಯಲ್ಲಿದೆ.

ಪ್ರಶ್ನೆ: ಮೀನು ನೀರು ಕುಡಿಯುತ್ತದೆಯೇ? ಮಗಳು ಕೇಳುತ್ತಿದ್ದಾಳೆ. ಜೊತೆಗೆ ನನ್ನದೊಂದು: ತಾಟೆ ಮೀನು ಬೇಯಿಸುವಾಗ ಮಾತ್ರ ಮೂಗಿಗೆ ಬಡಿಯುವ ವಾಸನೆ ಏಕೆ?
(ಸುರತ್ಕಲ್‌ನ ಓದುಗರು)

ಉತ್ತರ: ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಬಂಗುಡೆಯಂಥ ಮೂಳೆ ಮೀನಿನ ರಕ್ತದಲ್ಲಿ ಉಪ್ಪಿನ ಪ್ರಮಾಣ ಅದರ ಮೂರನೇ ಒಂದು ಭಾಗದಷ್ಟು. ಹೀಗಿರುವಾಗ ಕಿವಿರಿನ ಮೂಲಕ ಮೈಯ ನೀರು ಸದಾ ಹೊರಗೆ ಹೋಗುತ್ತಿರುತ್ತದೆ. ಅದನ್ನು ತುಂಬಿಕೊಳ್ಳಲು ಕಡಲ ಮೀನು ನೀರು ಕುಡಿಯುತ್ತಲೇ ಇರುತ್ತದೆ, ಹೆಚ್ಚಾದ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರಹಾಕುತ್ತದೆ, ಮೂತ್ರ ಬಹಳ ಕಡಿಮೆ ಮಾಡುತ್ತದೆ. ಕೆರೆ, ಹೊಳೆಯ ಮೀನಿನದು ತದ್ವಿರುದ್ಧ. ಅದು ನೀರು ಕುಡಿಯುವುದು ತೀರಾ ಕಡಿಮೆ, ಮೂತ್ರ ಮಾತ್ರ ಧಾರಾಳ.

ತಾಟೆ (ಶಾರ್ಕ್) ಮತ್ತು ತೊರಕೆ (ರೇ ಮೀನು) ಬೇರೆ ದಾರಿ ಹಿಡಿದಿವೆ. ಅವು ಯೂರಿಯಾವನ್ನು ರಕ್ತ, ಮಾಂಸದಲ್ಲೇ ಉಳಿಸಿಕೊಂಡು ಒಳಗಿನ ಸಾಂದ್ರತೆಯನ್ನು ಕಡಲ ನೀರಿಗೆ ಸಮ ಮಾಡಿಕೊಳ್ಳುತ್ತವೆ. ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಆ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ. ನಿಮ್ಮ ಮೂಗಿಗೆ ಬಡಿಯುವುದು ಅದೇ. ಹಿಡಿದ ಕೂಡಲೇ ರಕ್ತ ಹರಿಸಿ ಮಂಜುಗಡ್ಡೆಯಲ್ಲಿ ಇಟ್ಟ ಮೀನಿನಲ್ಲಿ ವಾಸನೆ ಕಡಿಮೆ. ಮನೆಯಲ್ಲಿ ತುಂಡು ಮಾಡಿ ಎರಡು ಸಲ ತೊಳೆದು, ಹುಣಸೆಹುಳಿ ಅಥವಾ ನಿಂಬೆರಸದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿದರೆ ಹುಳಿಯು ಅಮೋನಿಯಾವನ್ನು ಕಟ್ಟಿಹಾಕುತ್ತದೆ. ಹಸಿ ಮೀನೇ ಕಣ್ಣು ಉರಿಸುವಷ್ಟು ನಾತ ಬಡಿದರೆ ತಿನ್ನಬೇಡಿ, ಅದು ಹಳಸಿದೆ. ಕೊಳ್ಳುವ ಮುನ್ನ ಜಾತಿ ಯಾವುದೆಂದು ಕೇಳಿ. ಹಲವು ತಾಟೆ, ತೊರಕೆಗಳು ಈಗ ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿವೆ.

ಪ್ರಶ್ನೆ: ಗೋಲ್ಡ್ ಫಿಶ್ ಸಾಕಿ ಅನುಭವ ಇದೆ. ಈಗ 100 ಲೀಟರ್ ತೊಟ್ಟಿಗೆ ಉಪ್ಪುನೀರು ತುಂಬಿ, ಮೂರು ದಿನ ಫಿಲ್ಟರ್ ಓಡಿಸಿ, ನಾಲ್ಕು ಕ್ಲೌನ್ ಮೀನು, ಒಂದು ಅನಿಮೋನ್ (ಕಡಲಹೂವು) ತಂದು ಬಿಟ್ಟೆ. ಅಂಗಡಿಯವರು ಹೇಳಿದಂತೆ ನೀರು ಕಡಿಮೆಯಾದಾಗಲೆಲ್ಲ ಉಪ್ಪುನೀರನ್ನೇ ಸೇರಿಸಿದೆ. ಎರಡು ವಾರದಲ್ಲಿ ಎಲ್ಲವೂ ಸತ್ತವು. ತಪ್ಪು ಎಲ್ಲಿ?
(ಬೆಂಗಳೂರಿನ ಓದುಗರು)

ಉತ್ತರ: ನಾಲ್ಕು ಕಡೆ. ಒಂದೊಂದಾಗಿ ನೋಡೋಣ. ಮುಂದಿನ ಸಲ ಜೀವ ಉಳಿಯಬೇಕಾದರೆ ಯಾವುದನ್ನೂ ಹಾರಿಸುವಂತಿಲ್ಲ.

ಮೊದಲನೆಯದು ಅಮೋನಿಯಾ, ಮೀನುಗಳನ್ನು ಕೊಂದದ್ದು ಬಹುತೇಕ ಅದೇ. ಮೀನಿನ ಕಿವಿರು, ಹಿಕ್ಕೆ, ಉಳಿದ ತಿಂಡಿ ಎಲ್ಲದರಿಂದಲೂ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಬೇಕು. ಈ ಬ್ಯಾಕ್ಟೀರಿಯಾ ಕಲ್ಲು, ಮರಳು, ಫಿಲ್ಟರ್ ಸ್ಪಂಜಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಮೂರು ದಿನ ಏತಕ್ಕೂ ಸಾಲದು. ಗೋಲ್ಡ್ ಫಿಶ್ ತೊಟ್ಟಿಯಲ್ಲಿ ಇದೇ ಅವಸರ ಮಾಡಿಯೂ ಪಾರಾಗಿರಬಹುದು. ಕಡಲ ನೀರಿನಲ್ಲಿ ಆಗದು. ಅದರ ಪಿಎಚ್ 8.2ರ ಆಸುಪಾಸು. ಪಿಎಚ್ 7ರ ಸಿಹಿನೀರಿಗೆ ಹೋಲಿಸಿದರೆ ಅಷ್ಟೇ ಅಮೋನಿಯಾದಲ್ಲಿ ವಿಷರೂಪದ ಪಾಲು ಹತ್ತು ಪಟ್ಟಿಗೂ ಹೆಚ್ಚು.

ಎರಡನೆಯದು ಉಪ್ಪುನೀರನ್ನೇ ಸೇರಿಸಿದ್ದು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಕಡಿಮೆಯಾದ ನೀರಿಗೆ ಉಪ್ಪುನೀರು ಸೇರಿಸುತ್ತಾ ಹೋದರೆ ಲೀಟರಿಗೆ 35 ಗ್ರಾಂ ಇದ್ದದ್ದು ದಿನದಿಂದ ದಿನಕ್ಕೆ ಏರುತ್ತದೆ. ಬೇಸಗೆಯಲ್ಲಿ, ಫ್ಯಾನ್ ಗಾಳಿ ತಾಗುವ ತೊಟ್ಟಿಯಲ್ಲಿ ಇನ್ನೂ ಬೇಗ. ಆವಿಯಾದದ್ದಕ್ಕೆ ಆರ್‌ಓ ಸಿಹಿನೀರನ್ನೇ ಹಾಕಬೇಕು. ತೊಟ್ಟಿಯ ಗಾಜಿನ ಮೇಲೆ ಒಂದು ಗೆರೆ ಎಳೆದು, ದಿನವೂ ಆ ಗೆರೆಗೆ ಸಮ ಮಾಡಿ.

ಮೂರನೆಯದು ನಾಲ್ಕು ಮೀನು. ಕ್ಲೌನ್ ಮೀನಿನ ಸಂಸಾರದಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಬೆಳೆಯದೆ ಕಾಯುವ ಎಳೆಯವು. ಹುಟ್ಟುವಾಗ ಯಾವುದೂ ಹೆಣ್ಣಲ್ಲ. ಹೆಣ್ಣು ಸತ್ತರೆ ಗಂಡೇ ಕೆಲವು ವಾರಗಳಲ್ಲಿ ಹೆಣ್ಣಾಗಿ ಮಾರ್ಪಡುತ್ತದೆ, ಕಾಯುತ್ತಿದ್ದ ಎಳೆಯದರಲ್ಲಿ ದೊಡ್ಡದು ಗಂಡಿನ ಸ್ಥಾನಕ್ಕೆ ಏರುತ್ತದೆ. ಹವಳ ದಿಬ್ಬದಲ್ಲಿ ಸೋತ ಮೀನಿಗೆ ಅನಿಮೋನ್‌ನ ಇನ್ನೊಂದು ಅಂಚಿಗೆ ಸರಿಯಲು ಜಾಗ ಇರುತ್ತದೆ. 100 ಲೀಟರ್ ಗಾಜಿನೊಳಗೆ ಇರುವುದಿಲ್ಲ, ದುರ್ಬಲವಾದವನ್ನು ಕಚ್ಚಿ ಕಚ್ಚಿ ಮೂಲೆಗೆ ತಳ್ಳಿ ಕೊಲ್ಲುತ್ತವೆ. ನಿಮ್ಮ ಅಳತೆಯ ತೊಟ್ಟಿಗೆ ಎರಡೇ ಮೀನು, ಒಂದು ಚಿಕ್ಕದು, ಇನ್ನೊಂದು ಕೊಂಚ ದೊಡ್ಡದು.

ನಾಲ್ಕನೆಯದು ಅನಿಮೋನ್. ಇದು ಗಿಡವಲ್ಲ, ಪ್ರಾಣಿ. ಆದರೆ ಅದರ ಮೈಯೊಳಗೆ ಪಾಚಿಗಳು ವಾಸವಾಗಿದ್ದು ಅವುಗಳಿಗೆ ಬಲವಾದ ಬೆಳಕು ಬೇಕು. ಕನಿಷ್ಠ ಆರು ತಿಂಗಳು ಹಳೆಯದಾದ, ಏರುಪೇರಿಲ್ಲದ ತೊಟ್ಟಿಯಲ್ಲದೆ ಅದು ಬದುಕದು. ಸತ್ತಾಗ ಒಂದೇ ರಾತ್ರಿಯಲ್ಲಿ ಕರಗಿ ನೀರನ್ನೆಲ್ಲ ಕೆಡಿಸುತ್ತದೆ. ಕಡಲಲ್ಲಿ ಕ್ಲೌನ್ ಮೀನು ಅನಿಮೋನ್ ಬಿಟ್ಟು ಬದುಕುವುದಿಲ್ಲ, ಅದು ಶತ್ರುಗಳ ಭಯದಿಂದ. ತೊಟ್ಟಿಯಲ್ಲಿ ಆ ಭಯವಿಲ್ಲ, ಅನಿಮೋನ್ ಇಲ್ಲದೆಯೇ ಅದು ಆರಾಮವಾಗಿ ಹತ್ತಕ್ಕೂ ಹೆಚ್ಚು ವರ್ಷ ಬಾಳಬಲ್ಲದು.

ಮತ್ತೆ ಆರಂಭಿಸುವ ಕ್ರಮ ಹೀಗೆ. ಬೋರ್‌ವೆಲ್ ನೀರೂ ಬೇಡ, ನಲ್ಲಿಯ ಕ್ಲೋರಿನ್ ನೀರೂ ಬೇಡ, ಆರ್‌ಓ ನೀರು ಬಳಸಿ. ಅಡುಗೆ ಉಪ್ಪು, ಕಲ್ಲುಪ್ಪು ನಡೆಯುವುದಿಲ್ಲ. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬನೇಟ್ ಬೇಕಾದ ಪ್ರಮಾಣದಲ್ಲಿ ಇರುವುದಿಲ್ಲ. ಅಕ್ವೇರಿಯಂಗೆಂದೇ ಬರುವ ಕಡಲುಪ್ಪನ್ನು ಲೀಟರಿಗೆ 35–38 ಗ್ರಾಂ ಲೆಕ್ಕದಲ್ಲಿ ಬಕೆಟ್‌ನಲ್ಲಿ ಕಲಸಿ, ಪಂಪ್ ಹಾಕಿ ಒಂದು ದಿನ ತಿರುಗಿಸಿ, ಆಮೇಲೆ ತೊಟ್ಟಿಗೆ ಸುರಿಯಿರಿ. ಉಪ್ಪಿನ ಪ್ರಮಾಣ ಅಳೆಯಲು ತೇಲುವ ಪ್ಲಾಸ್ಟಿಕ್ ಮಾಪಕಕ್ಕಿಂತ ರಿಫ್ರ್ಯಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಅಳೆಯುವ ಉಪಕರಣ) ನಂಬಿಕೆಗೆ ಅರ್ಹ. ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25–27 ಡಿಗ್ರಿ ಇರಲಿ. ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ತಿಂಡಿ ಹಾಕಿ ಕೊಳೆಯಲು ಬಿಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿಯುತ್ತದೆ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಯಾಗಿ ನೈಟ್ರೇಟ್ ಕಾಣಿಸಿಕೊಂಡ ಮೇಲೆ ಕಾಲು ಭಾಗ ನೀರು ಬದಲಿಸಿ ಮೀನು ತನ್ನಿ. ಚೀಲವನ್ನು 15 ನಿಮಿಷ ತೇಲಿಸಿ, ಬಳಿಕ ಅರ್ಧ ಗಂಟೆ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಚೀಲಕ್ಕೆ ಬಿಟ್ಟು, ಮೀನನ್ನು ಮಾತ್ರ ತೊಟ್ಟಿಗೆ ಹಾಕಿ, ಅಂಗಡಿಯ ನೀರನ್ನು ಹೊರಗೆ ಚೆಲ್ಲಿ. ಮುಂದೆ ವಾರಕ್ಕೆ 10 ಲೀಟರ್ ನೀರು ಬದಲಾವಣೆ. ಕರೆಂಟ್ ಹೋದಾಗ ಓಡಲು ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಲೇಬೇಕು.

ಹೊಸ ಮೀನಿನ ಮೈಮೇಲೆ ಬಿಳಿ ಲೋಳೆ ಪದರ ಕಂಡು, ಮೇಲಕ್ಕೆ ಬಂದು ಏದುಸಿರು ಬಿಡುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿಯ ಲಕ್ಷಣ. ಕಡಲಿನಿಂದ ಹಿಡಿದು ತಂದ ಕ್ಲೌನ್ ಮೀನಿನಲ್ಲಿ ಇದು ಹೆಚ್ಚು, ಒಂದೆರಡು ದಿನದಲ್ಲೇ ಕೊಲ್ಲುತ್ತದೆ. ಆದ್ದರಿಂದ ಮರಿಮನೆಯಲ್ಲಿ ಹುಟ್ಟಿ ಬೆಳೆದ ಮೀನನ್ನೇ ಕೇಳಿ ಕೊಳ್ಳಿ. ನಮ್ಮ ದೇಶದಲ್ಲೇ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ರೂಢಿಗೆ ತಂದಿದ್ದಾರೆ. ಹಿಡಿದು ತಂದ ಮೀನಿಗೆ ಬೇಡಿಕೆ ನಿಂತರೆ ದಿಬ್ಬದ ಮೀನು ದಿಬ್ಬದಲ್ಲೇ ಉಳಿಯುತ್ತದೆ.

ಕಾನೂನಿನ ಮಾತೂ ಒಂದಿದೆ. ದಿಬ್ಬ ಕಟ್ಟುವ ಹವಳ, ಕಡಲ ಬೀಸಣಿಗೆ, ಕಡಲ್ಗುದುರೆ, ಕಡಲ ಸೌತೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ 2001ರಿಂದಲೇ ಇವೆ. 'ಲೈವ್ ರಾಕ್' ಎಂದು ಮಾರುವ, ದಿಬ್ಬದಿಂದ ಒಡೆದು ತಂದ ಹವಳದ ಕಲ್ಲನ್ನು ಕೊಳ್ಳಬೇಡಿ. ಬ್ಯಾಕ್ಟೀರಿಯಾ ನೆಲೆಯೂರಲು ಸರಂಧ್ರವಾದ ಕೃತಕ ಪಿಂಗಾಣಿ ಕಲ್ಲೂ ಅದೇ ಕೆಲಸ ಮಾಡುತ್ತದೆ.

ಪ್ರಶ್ನೆ: ನಂಗು ಮೀನಿಗೆ ಎರಡು ಕಣ್ಣೂ ಒಂದೇ ಪಕ್ಕ. ಹುಟ್ಟುವಾಗಲೇ ಹಾಗೆಯೇ?
(ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಅಲ್ಲ. ಮೊಟ್ಟೆಯಿಂದ ಬಂದ ಮರಿ ಎಲ್ಲ ಮೀನಿನಂತೆಯೇ ನೆಟ್ಟಗೆ ಈಜುತ್ತದೆ, ಪಕ್ಕಕ್ಕೊಂದು ಕಣ್ಣು. ಕೆಲವು ವಾರ ಕಳೆದ ಮೇಲೆ ತಲೆಬುರುಡೆ ತಿರುಚಿಕೊಂಡು ಬಲಗಣ್ಣು ನಿಧಾನವಾಗಿ ಎಡಕ್ಕೆ ಸರಿಯುತ್ತದೆ. ಆ ಹೊತ್ತಿಗೆ ಮರಿ ನಡುನೀರು ಬಿಟ್ಟು ಕೆಸರು ತಳಕ್ಕೆ ಇಳಿದು ಬಲ ಮಗ್ಗುಲಾಗಿ ಮಲಗುತ್ತದೆ. ಮೇಲಾದ ಎಡಬದಿಗೆ ಕೆಸರಿನ ಕಂದು ಬಣ್ಣ ಬರುತ್ತದೆ, ನೆಲಕ್ಕೆ ತಾಗುವ ಬದಿ ಬಿಳಿಯಾಗಿ ಉಳಿಯುತ್ತದೆ. ಮಾರುಕಟ್ಟೆಯಿಂದ ಒಂದು ನಂಗು ತಂದು, ಸಿಪ್ಪೆ ಸುಲಿಯುವ ಮೊದಲು ಮಗುಚಿ ನೋಡಿ. ಬಾಯಿಯೂ ಸೊಟ್ಟಗೆ ಕೆಳಬದಿಗೆ ವಾಲಿರುತ್ತದೆ. ಕೆಸರಿನೊಳಗಿನ ಹುಳುಗಳನ್ನು ಹೆಕ್ಕಿ ತಿನ್ನಲು ಅದಕ್ಕೆ ಬೇಕಾದದ್ದು ಅಂಥ ಬಾಯಿಯೇ. ಮಳೆಗಾಲ ಮುಗಿಯುತ್ತಿದ್ದಂತೆ ನಂಗು ದಡದ ಹತ್ತಿರ ರಾಶಿಯಾಗಿ ಸಿಗುವುದಕ್ಕೂ ಮೇಲೆ ಹೇಳಿದ ಆಮ್ಲಜನಕದ ಕೊರತೆಗೂ ನೇರ ಸಂಬಂಧವಿದೆ. ತಳದ ಮೀನಿಗೆ ಅದರ ಬಿಸಿ ಮೊದಲು ತಟ್ಟುತ್ತದೆ.

ಪ್ರಶ್ನೆ: ಕಪ್ಪೆ ಬೊಂಡಾಸ್ (ಕಟಲ್ ಫಿಶ್) ಹಿಡಿಯಲು ಕೆಲವರು ತೆಂಗಿನ ಹಿಂಗಾರ, ಗರಿಗಳನ್ನು ಮರಳು ಚೀಲಕ್ಕೆ ಕಟ್ಟಿ ಕಡಲ ತಳಕ್ಕೆ ಇಳಿಸುತ್ತಾರೆ. ಮೀನಿಗೆ ಆಸರೆ ಆಗುತ್ತದೆ ಎನ್ನುತ್ತಾರೆ. ಸರ್ಕಾರವೇ ಕೃತಕ ಬಂಡೆ ಇಳಿಸುವಾಗ ಇದು ತಪ್ಪು ಹೇಗೆ?
(ಮಲ್ಪೆಯ ಓದುಗರು)

ಉತ್ತರ: ಆಸರೆ ಆಗುತ್ತದೆ ಎಂಬುದು ನಿಜ, ಯಾರಿಗೆ ಆಸರೆ ಎಂಬುದೇ ಪ್ರಶ್ನೆ. ಕಪ್ಪೆ ಬೊಂಡಾಸ್ ಮೊಟ್ಟೆ ಅಂಟಿಸಲು ಗಟ್ಟಿ ಕಡ್ಡಿ, ಬಂಡೆ, ಹವಳದ ಸಂದು ಹುಡುಕುತ್ತದೆ. ನಮ್ಮ ತೀರದ ತಳ ಬಹುಪಾಲು ಕೆಸರು, ಮರಳು. ಅಲ್ಲಿ ಹಿಂಗಾರದ ಗೊನೆ ಕಂಡರೆ ಗರ್ಭ ಕಟ್ಟಿದ ಹೆಣ್ಣುಗಳು, ಅವುಗಳ ಹಿಂದೆ ಗಂಡುಗಳು ಮುತ್ತುತ್ತವೆ. ಕಡ್ಡಿ ಕಡ್ಡಿಗೂ ದ್ರಾಕ್ಷಿ ಗೊಂಚಲಿನಂತೆ ಮೊಟ್ಟೆ ಕಟ್ಟುತ್ತವೆ. ಅದೇ ಗಳಿಗೆಯಲ್ಲಿ ಮೇಲಿನಿಂದ ಗಾಳ ಇಳಿಯುತ್ತದೆ. ಅಂದರೆ ಸಿಕ್ಕುವುದೆಲ್ಲ ತಾಯಿ ತಂದೆಗಳೇ. ಬೊಂಡಾಸ್ ಬದುಕುವುದು ಒಂದು ವರ್ಷದ ಆಸುಪಾಸು, ಬಾಳಿನಲ್ಲಿ ಒಂದೇ ಸಂತಾನ ಕಾಲ. ಅದು ಮೊಟ್ಟೆ ಇಟ್ಟು ಮುಗಿಸುವ ಮೊದಲೇ ಹಿಡಿದರೆ ಮರುವರ್ಷಕ್ಕೆ ಬೇರೆ ಪೀಳಿಗೆ ಇಲ್ಲ.

ಇಟ್ಟ ಮೊಟ್ಟೆಯ ಗತಿಯೂ ಅಷ್ಟೇ. ನಮ್ಮ ಬೆಚ್ಚಗಿನ ಕಡಲಲ್ಲಿ ಅದು ಒಡೆಯಲು ಎರಡು ಮೂರು ವಾರ ಬೇಕು. ಹಿಂಗಾರ ಅಷ್ಟರಲ್ಲಿ ಕೊಳೆಯಲು ಶುರುವಾಗುತ್ತದೆ, ತಳ ಗುಡಿಸುವ ಟ್ರಾಲ್ ಬಲೆ ಎಳೆದುಕೊಂಡು ಹೋಗುತ್ತದೆ, ಮೊಟ್ಟೆ ಕೆಸರಿಗೆ ಬಿದ್ದು ಉಸಿರುಗಟ್ಟುತ್ತದೆ. ಕಟ್ಟಲು ಬಳಸಿದ ಪ್ಲಾಸ್ಟಿಕ್ ಚೀಲ, ಬಾಟಲಿ, ನೈಲಾನ್ ಹಗ್ಗ ಮಾತ್ರ ತಳದಲ್ಲೇ ಉಳಿದು ಮಿಕ್ಕವರ ಬಲೆ ಹರಿಯುತ್ತವೆ. ಜಗಳ ಹುಟ್ಟುವುದೂ ಇಲ್ಲಿಂದಲೇ.

ಕೃತಕ ಬಂಡೆ ಎಂದರೆ ಟನ್‌ಗಟ್ಟಲೆ ತೂಕದ ಕಾಂಕ್ರೀಟ್ ಚೌಕಟ್ಟು. ಅದು ದಶಕಗಳು ನಿಲ್ಲುತ್ತದೆ, ಟ್ರಾಲ್ ಬಲೆಯನ್ನು ದೂರ ಇಡುತ್ತದೆ. ಮೊದಲು ಪಾಚಿ, ಬಾರ್ನಕಲ್, ಪಚ್ಚಿಲೆ ಹತ್ತುತ್ತವೆ, ಅವನ್ನು ತಿನ್ನಲು ಚಿಕ್ಕ ಮೀನು, ಅವಕ್ಕೆ ಮುರು ಮೀನು, ಹೀಗೆ ಒಂದು ನೆಲೆ ಬೆಳೆಯುತ್ತದೆ. ಆದರೆ ಅದರ ನೆತ್ತಿಯ ಮೇಲೆಯೇ ದಿನವೂ ಬಲೆ ಸುತ್ತಿದರೆ ಕಾಂಕ್ರೀಟ್ ಬಂಡೆಯೂ ಹಿಂಗಾರದ ಗೊನೆಯಷ್ಟೇ ಕೇಡು ಮಾಡುತ್ತದೆ. ಒಂದು ಆಸರೆಯನ್ನು ಒಳ್ಳೆಯದು, ಕೆಟ್ಟದ್ದು ಎನ್ನುವ ಮೊದಲು ಸೇರಿದ ಜೀವ ಅಲ್ಲಿ ತನ್ನ ಬದುಕು ಮುಗಿಸಲು ಬಿಡುತ್ತಾರೆಯೇ ಎಂದು ನೋಡಬೇಕು.

ಪ್ರಶ್ನೆ: ಕೊಡ್ಡಾಯಿ ಮೀನಿನ ತಲೆಯಲ್ಲಿ ಎರಡು ಬಿಳಿ ಕಲ್ಲು ಸಿಕ್ಕವು. ರೋಗವೇ? ತಿನ್ನಬಹುದೇ?
(ಹೊನ್ನಾವರದ ಓದುಗರು)

ಉತ್ತರ: ರೋಗವಲ್ಲ, ಧೈರ್ಯವಾಗಿ ತಿನ್ನಿ. ಅದು ಕಿವಿಗಲ್ಲು. ಎಲ್ಲ ಮೂಳೆ ಮೀನುಗಳಿಗೂ ಒಳಕಿವಿಯಲ್ಲಿ ಪಕ್ಕಕ್ಕೆ ಮೂರರಂತೆ ಆರು ಕಲ್ಲುಗಳಿರುತ್ತವೆ. ಬೂತಾಯಿಯಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕವು, ಕೊಡ್ಡಾಯಿ ಬಳಗದಲ್ಲಿ ಮಾತ್ರ ಒಂದು ಜೋಡಿ ಎದ್ದು ಕಾಣುವಷ್ಟು ದೊಡ್ಡದು. ಮೀನಿಗೆ ಮೇಲು ಕೆಳಗು ತಿಳಿಯುವುದು, ಸದ್ದು ಕೇಳುವುದು ಇದರ ನೆರವಿನಿಂದ. ಕ್ಯಾಲ್ಸಿಯಂ ಕಾರ್ಬನೇಟ್ ಪದರ ಪದರವಾಗಿ ಕೂಡಿ ಬೆಳೆಯುವುದರಿಂದ ಕಲ್ಲನ್ನು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಬಳೆಗಳು ಕಾಣುತ್ತವೆ, ಎಳೆಯ ಮೀನಿನಲ್ಲಿ ದಿನಕ್ಕೊಂದರಂತೆ. ಮೀನಿನ ವಯಸ್ಸು ಲೆಕ್ಕ ಹಾಕುವುದು ಹೀಗೆಯೇ. ಕೊಡ್ಡಾಯಿಗೆ ಕಿವಿ ಇಷ್ಟು ಬೆಳೆದಿರುವುದಕ್ಕೆ ಅರ್ಥವಿದೆ: ಅದು ಕದಡಿದ ಕೆಸರು ನೀರಿನಲ್ಲಿ ಸದ್ದು ಮಾಡಿ ಜೊತೆ ಹುಡುಕುವ ಮೀನು. ಗಾಳಿಚೀಲಕ್ಕೆ ಅಂಟಿದ ಸ್ನಾಯುಗಳನ್ನು ವೇಗವಾಗಿ ಅದುರಿಸಿ ಗೊರಗೊರ ಸದ್ದು ಹೊರಡಿಸುತ್ತದೆ. ದೋಣಿಗೆ ಎಳೆದ ಮೇಲೂ ಅದು ಕೇಳುವುದುಂಟು.

ಪ್ರಶ್ನೆ: ಡಿಸೆಂಬರ್‌ನಲ್ಲಿ ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾಕ್ಕೆ ಹೋಗುತ್ತಿದ್ದೇವೆ. ಈಜು ಬರುವುದಿಲ್ಲ. ಏನು ಎಚ್ಚರ ಬೇಕು, ಏನು ನೋಡಬೇಕು?
(ಶಿವಮೊಗ್ಗದ ಓದುಗರು)

ಉತ್ತರ: ಈಜು ಬಾರದವರನ್ನೂ ತರಬೇತುದಾರರು ಕೈ ಹಿಡಿದೇ ಇಳಿಸುತ್ತಾರೆ, 12 ಮೀಟರ್‌ಗಿಂತ ಆಳಕ್ಕೆ ಒಯ್ಯುವುದಿಲ್ಲ. ನೆನಪಿಡಬೇಕಾದ ನಿಯಮ ಎರಡು. ಇಳಿಯುವಾಗ ಪ್ರತಿ ಮೀಟರಿಗೂ, ನೋವು ಬರುವ ಮೊದಲೇ, ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸಮ ಮಾಡಿಕೊಳ್ಳಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿದ್ದದ್ದರ ಎರಡರಷ್ಟು. ನೋವು ಬಂದ ಮೇಲೆ ಬಲವಾಗಿ ಊದಿದರೆ ಕಿವಿಯ ತಮಟೆ ಹರಿಯಬಹುದು, ಊದದೆ ಒಂದು ಮೀಟರ್ ಮೇಲೆ ಬಂದು ಮತ್ತೆ ಮೆಲ್ಲಗೆ ಪ್ರಯತ್ನಿಸಿ. ಎರಡನೆಯದು ಇನ್ನೂ ಮುಖ್ಯ: ನೀರಿನೊಳಗೆ ಎಂದೂ ಉಸಿರು ಬಿಗಿಹಿಡಿಯಬೇಡಿ. ಉಸಿರು ಕಟ್ಟಿ ಮೇಲಕ್ಕೆ ಬಂದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಗಾಯವಾಗುತ್ತದೆ. ನೆಗಡಿ, ಸೈನಸ್, ಆಸ್ತಮಾ ಇದ್ದರೆ ಮೊದಲೇ ತಿಳಿಸಿ, ನೆಗಡಿ ಇದ್ದ ದಿನ ಇಳಿಯಲೇಬೇಡಿ. ದೋಣಿ ದಡದಿಂದ ಸುಮಾರು 19 ಕಿಲೋಮೀಟರ್ ಹೋಗಬೇಕು. ವಾಂತಿ ಬರುವವರು ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲು ನುಂಗಿ, ಹೊಟ್ಟೆ ಖಾಲಿಯೂ ಬೇಡ, ತುಂಬಾ ತುಂಬಿಯೂ ಬೇಡ. ವಿಮಾನ ಪ್ರಯಾಣ ಇದ್ದರೆ 18 ಗಂಟೆ ಅಂತರ ಇರಲಿ.

ಕೆಳಗೆ ಹೋದಾಗ ದೂರ ನೋಡುವ ಬದಲು ಒಂದು ಬಂಡೆಯ ಮುಂದೆ ನಿಂತುಬಿಡಿ. ಚಿಟ್ಟೆ ಮೀನುಗಳು ಜೋಡಿ ಜೋಡಿಯಾಗಿ ಹವಳವನ್ನು ಕುಟುಕುತ್ತಿರುತ್ತವೆ. ಗಿಳಿ ಮೀನು ಕಲ್ಲು ಕೆರೆಯುವ ಸದ್ದು ಕಿವಿಗೇ ಕೇಳಿಸುತ್ತದೆ. ಕೆರೆದ ಸುಣ್ಣವನ್ನು ಅದು ನುಣ್ಣನೆಯ ಮರಳಾಗಿ ಹೊರಹಾಕುವುದೂ ಕಾಣುತ್ತದೆ, ಹವಳ ದ್ವೀಪಗಳ ಬಿಳಿ ಮರಳಿನ ದೊಡ್ಡ ಪಾಲು ಹೀಗೇ ಆದದ್ದು. ಸಂದಿನಲ್ಲಿ ಹಾವಿನಂಥ ಮೊರೆ ಈಲ್ ಮೀನು ಬಾಯಿ ತೆರೆದು ಮುಚ್ಚುತ್ತಿದ್ದರೆ ಹೆದರಬೇಡಿ, ಅದು ಉಸಿರಾಡುವ ರೀತಿ. ಕೈ ಮಾತ್ರ ಸಂದಿಗೆ ಹಾಕಬೇಡಿ. ಐದಾರು ಮೀಟರ್ ದಾಟಿದ ಮೇಲೆ ಕೆಂಪು ಬಣ್ಣ ಮಾಸುತ್ತದೆ, ಕೆಂಪು ಮೀನು ಬೂದಾಗಿ ಕಾಣುತ್ತದೆ. ಟಾರ್ಚ್ ಬಿಟ್ಟರೆ ನಿಜ ಬಣ್ಣ ಎದ್ದು ಬರುತ್ತದೆ. ಹವಳದ ಮೇಲೆ ನಿಲ್ಲುವುದು, ಹಿಡಿದುಕೊಳ್ಳುವುದು ಬೇಡವೇ ಬೇಡ. ಅಂಗೈ ಅಗಲದ ಹವಳಕ್ಕೆ ಎಷ್ಟೋ ವರ್ಷಗಳ ಬೆಳವಣಿಗೆ ಇರುತ್ತದೆ, ಕಾಲಿನ ರೆಕ್ಕೆ ಒಮ್ಮೆ ತಾಗಿದರೆ ಮುರಿಯುತ್ತದೆ.

ಪ್ರಶ್ನೆ: ಸಮುದ್ರ ಸ್ನಾನದಲ್ಲಿ ಜೆಲ್ಲಿ ಮೀನು ತಾಗಿದರೆ ಮರಳು ತಿಕ್ಕಬೇಕು ಎನ್ನುತ್ತಾರೆ. ಸರಿಯೇ? ತೊರಕೆ ಚುಚ್ಚಿದರೆ?
(ಅಂಕೋಲೆಯ ಓದುಗರು)

ಉತ್ತರ: ಮರಳು ತಿಕ್ಕುವುದು ಪೂರ್ತಿ ತಪ್ಪು. ಚರ್ಮಕ್ಕೆ ಅಂಟಿದ ಎಳೆಯಲ್ಲಿ ಇನ್ನೂ ಸಿಡಿಯದ ಸಾವಿರಾರು ವಿಷಕೋಶಗಳಿರುತ್ತವೆ, ತಿಕ್ಕಿದರೆ ಅವೂ ಸಿಡಿಯುತ್ತವೆ. ಸಿಹಿನೀರು ಸುರಿದರೂ ಹಾಗೆಯೇ. ಕಡಲ ನೀರಿನಲ್ಲೇ ತೊಳೆದು, ಎಳೆಗಳನ್ನು ಚಿಮಟದಿಂದ ಎತ್ತಿ, ತಾಗಿದ ಜಾಗವನ್ನು 45 ಡಿಗ್ರಿ ಬಿಸಿನೀರಿನಲ್ಲಿ 20ರಿಂದ 40 ನಿಮಿಷ ಇಡಿ. ದಡಕ್ಕೆ ಬಿದ್ದು ಸತ್ತಂತೆ ಕಾಣುವ ಜೆಲ್ಲಿ ಮೀನೂ ಚುಚ್ಚುತ್ತದೆ, ಮಕ್ಕಳನ್ನು ಮುಟ್ಟಲು ಬಿಡಬೇಡಿ.

ತೊರಕೆಯ ಬಾಲದ ಮುಳ್ಳಿಗೆ ಗರಗಸದ ಅಂಚಿದೆ, ಅದರ ತೊಗಲಿನಲ್ಲಿ ವಿಷವಿದೆ. ಆ ವಿಷ ಪ್ರೋಟೀನ್, ಬಿಸಿಗೆ ಕೆಡುತ್ತದೆ. ರಕ್ತ ಒತ್ತಿ ನಿಲ್ಲಿಸಿ, ಅದೇ 45 ಡಿಗ್ರಿ ನೀರಿನಲ್ಲಿ 30ರಿಂದ 90 ನಿಮಿಷ, ನೋವು ಇಳಿಯುವವರೆಗೆ ಕಾಲು ಮುಳುಗಿಸಿಡಿ. ನೀರಿನ ಬಿಸಿಯನ್ನು ನೆರವಿಗೆ ಬಂದವರು ತಮ್ಮ ಕೈಯಲ್ಲಿ ನೋಡಬೇಕು. ನೋವಿನಲ್ಲಿರುವ ಕಾಲಿಗೆ ಸುಡುವುದು ತಿಳಿಯುವುದಿಲ್ಲ. ಮುಳ್ಳು ಎದೆಗೆ, ಹೊಟ್ಟೆಗೆ, ಕುತ್ತಿಗೆಗೆ ನೆಟ್ಟಿದ್ದರೆ ಕೀಳಬೇಡಿ, ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ. ಗಾಯ ಚಿಕ್ಕದಾದರೂ ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಟೆಟನಸ್ ಚುಚ್ಚುಮದ್ದೂ ಬೇಕು, ವೈದ್ಯರಿಗೆ ತೋರಿಸಲೇಬೇಕು. ಉಸಿರಾಟಕ್ಕೆ ತೊಂದರೆ, ಎದೆನೋವು, ಮೈಯೆಲ್ಲ ಬಾವು ಕಂಡರೆ, ಕಾರಣ ಯಾವ ಪ್ರಾಣಿಯಾದರೂ, ಬಿಸಿನೀರು ಕಾಯಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ತೊರಕೆ ಮರಳಲ್ಲಿ ಹೂತು ಮಲಗುವ ಪ್ರಾಣಿ, ಮೈಮೇಲೆ ಕಾಲಿಟ್ಟಾಗ ಮಾತ್ರ ಬಾಲ ಬೀಸುತ್ತದೆ. ಮೊಣಕಾಲು ನೀರಿನಲ್ಲಿ ಹೆಜ್ಜೆ ಎತ್ತಿ ಇಡದೆ ಪಾದವನ್ನು ನೆಲಕ್ಕೆ ಉಜ್ಜುತ್ತಾ ನಡೆದರೆ ಆ ಅದುರಿಗೆ ಅದು ತಾನಾಗಿ ಸರಿದುಹೋಗುತ್ತದೆ.